ಐರಣಿಯ ಮೌನ ಮಹರ್ಷಿ

ಭರಮಣ್ಣನ ದನಿಯ ಬಗ್ಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಗ್ಗಿಯ ದಿನಗಳಲ್ಲಿ ಆ ಪೇಟೆಯಲ್ಲಿ ಪಕ್ಕಕ್ಕೆ ನಿಂತವನ ಮಾತೂ ಕಿವಿಗೆ ಬೀಳುವುದಿಲ್ಲ. ಲಾರಿಗಳ ಸದ್ದು, ಹಮಾಲರ ಕೂಗು, ಘಾಟಿಗೆ ಕೆಮ್ಮುವ, ಸೀನುವ ಜನ. ಅದನ್ನೆಲ್ಲ ಸೀಳಿಕೊಂಡು ಭರಮಣ್ಣನ ದನಿ ಬರುತ್ತಿತ್ತು. ಅವನು ದುಡಿಯುತ್ತಿದ್ದುದು ಒಂದು ದಲಾಲಿ ಅಂಗಡಿಯಲ್ಲಿ. ಯಾರ ಕಾಯಿಗೆ ಯಾವ ದರ ಬಿತ್ತು ಎಂದು ರೈತರ ಹೆಸರು ಹಿಡಿದು ಕೂಗಿ ಹೇಳುವುದು ಅವನ ಕೆಲಸ. ದರ ಕಟ್ಟುವ ವ್ಯವಹಾರ ಕಂಪ್ಯೂಟರಿಗೆ ಹೋದಮೇಲೂ ಅವನ ಕೆಲಸ ಹೋಗಲಿಲ್ಲ. ರೈತರು ಪರದೆಯ ಮೇಲೆ ನೋಡಿ ಬಂದು, ಇನ್ನೊಮ್ಮೆ ಭರಮಣ್ಣನ ಬಾಯಿಂದ ಕೇಳಿದ ಮೇಲೆಯೇ ಸಮಾಧಾನ ಪಡುತ್ತಿದ್ದರು.

"ಎರಡು ಚೀಲ ತಂದಾಂವಗೂ ಸಾವ್ಕಾರ್ರ ಅಂತಿದ್ದ. ಆಂವ ಕೂಗಿದ ಕೂಡಲೆ ನಾವೂ ಏನೋ ದೊಡ್ಡ ಮಂದಿ ಅನ್ನಿಸ್ತಿತ್ತು ನೋಡ್ರಿ," ಎಂದು ಒಬ್ಬ ರೈತ ನನ್ನ ಮುಂದೆ ಹೇಳಿದ್ದುಂಟು.

ಭರಮಣ್ಣ ಕಾಗಿನೆಲೆಯ ಹತ್ತಿರದ ಹಳ್ಳಿಯವನು. ಮೀಸೆ ಮೂಡುವ ವಯಸ್ಸಿಗೆ ಬ್ಯಾಡಗಿಗೆ ಬಂದು ಹಮಾಲನಾದ. ಅವನ ದನಿ ಕೇಳಿದ ದಲಾಲರು ಅವನ ಬೆನ್ನಿನ ಮೇಲಿನ ಚೀಲ ಇಳಿಸಿ ಕೂಗುವ ಕೆಲಸಕ್ಕೆ ನಿಲ್ಲಿಸಿದರು. ಅದೇ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಸುರೇಖಾಳನ್ನು ಮದುವೆಯಾದ. ಮಕ್ಕಳಾಗಲಿಲ್ಲ. ಅದನ್ನು ಗಂಡಹೆಂಡತಿ ಇಬ್ಬರೂ ದೊಡ್ಡ ಕೊರಗು ಮಾಡಿಕೊಳ್ಳಲಿಲ್ಲ. ಅವನಿಗೆ ಇದ್ದ ಚಟ ಒಂದೇ, ಬೀಡಿ. ಕೂಗುವ ನಡುವೆ ಒಂದು, ಕೂಗಿ ಮುಗಿದ ಮೇಲೆ ಇನ್ನೊಂದು.

ಐವತ್ತು ದಾಟಿದ ಮೇಲೆ ದನಿ ಒಡೆಯತೊಡಗಿತು. ಘಾಟಿನಿಂದ ಹೀಗಾಗಿದೆ ಎಂದುಕೊಂಡ. ಬಿಸಿನೀರು ಕುಡಿದ, ಜೇಷ್ಠಮಧು ಕಚ್ಚಿದ, ಬೀಡಿ ಮಾತ್ರ ಬಿಡಲಿಲ್ಲ. ಸುರೇಖಾ ಜಗಳ ಮಾಡಿ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಉಗುಳು ನುಂಗುವುದೂ ಕಷ್ಟವಾಗಿತ್ತು. ಕ್ಯಾನ್ಸರ್ ಎಂದರು. ಬಹಳ ತಡವಾಗಿದೆ, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು. ಅಂದಿನಿಂದ ಭರಮಣ್ಣ ಉಸಿರಾಡುವುದು ಮೂಗಿನಿಂದಲ್ಲ. ಕೊರಳ ಬುಡದಲ್ಲಿ ಡಾಕ್ಟರು ಮಾಡಿದ ತೂತಿನಿಂದ.

ಮಾತಿಗೆ ಒಂದು ಉಪಾಯವಿದೆ ಎಂದೂ ಡಾಕ್ಟರು ಹೇಳಿದ್ದರು. ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಬ್ಯಾಟರಿ ಯಂತ್ರವನ್ನು ಗದ್ದದ ಕೆಳಗೆ ಒತ್ತಿ ತುಟಿ ಆಡಿಸಿದರೆ ಮಾತು ಹೊರಡುತ್ತದೆ. ಹಾಗೆ ಮಾತಾಡುವ ಇನ್ನೊಬ್ಬ ರೋಗಿಯನ್ನು ಕರೆದು ತೋರಿಸಿದರು. ಡಬ್ಬಿಯೊಳಗೆ ದುಂಬಿ ಗುಂಯ್ಗುಟ್ಟಿದಂಥ ದನಿ. ಏರಿಲ್ಲ, ಇಳಿವಿಲ್ಲ. ಪೇಟೆಯನ್ನೇ ತುಂಬುತ್ತಿದ್ದ ದನಿಯ ಯಜಮಾನ ಅದನ್ನು ಕೇಳಿ ಮುಖ ತಿರುಗಿಸಿಕೊಂಡ. ಬೇಡವೆಂದು ಕೈಯಾಡಿಸಿದ. ಒಂದು ಪಾಟಿ, ಒಂದು ಬಳಪ ಸಾಕೆಂದು ಸನ್ನೆ ಮಾಡಿದ.

ಮೆಣಸಿನಕಾಯಿಯ ಧೂಳು ಕೊರಳ ತೂತಿನಿಂದ ನೇರ ಪುಪ್ಪುಸಕ್ಕೆ ಹೋಗುತ್ತದೆ, ಬ್ಯಾಡಗಿಯಲ್ಲಿ ಇರಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ಸುರೇಖಾಳ ದುಡಿಮೆ ಇದ್ದದ್ದು ಅಲ್ಲಿಯೇ. ಹೀಗಾಗಿ ಅವನು ಅಕ್ಕನ ಮನೆಗೆ ಹೋದ, ಅವಳು ಬ್ಯಾಡಗಿಯಲ್ಲಿ ಉಳಿದಳು. ರವಿವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ಗಂಡನ ಮುಖ ನೋಡಿ ಹೋಗುತ್ತಿದ್ದಳು.

ಅಕ್ಕ ಉಚ್ಚಂಗೆವ್ವನ ಊರು ಐರಣಿ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿದೆ. ಮನೆಯಲ್ಲಿ ಉಚ್ಚಂಗೆವ್ವ, ಅವಳ ಮಗ ಚನ್ನೇಶ, ಸೊಸೆ ರೋಹಿಣಿ. ಚನ್ನೇಶ ಹೊಲ ನೋಡಿಕೊಳ್ಳುತ್ತಾನೆ. ರೋಹಿಣಿ ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಈ ಕಥೆಯ ಹೆಚ್ಚಿನ ಭಾಗ ನನಗೆ ತಿಳಿದದ್ದು ಅವಳಿಂದ, ಉಳಿದದ್ದು ಸುರೇಖಾಳಿಂದ.

ಭರಮಣ್ಣ ಮುಂಜಾನೆ ಎದ್ದು ಹೊಳೆಯ ದಂಡೆಗೆ ಹೋಗಿ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಆಪರೇಶನ್ ಆದ ಜಾಗದ ಸುತ್ತ ಕ್ಷೌರ ಮಾಡಿಸಲು ಅಂಜಿಕೆ, ಗಡ್ಡ ಬೆಳೆಯಿತು. ತೂತಿಗೆ ಧೂಳು ಹೋಗಬಾರದೆಂದು ಕೊರಳಿಗೆ ಬಿಳಿ ಅರಿವೆ ಸುತ್ತಿಕೊಳ್ಳುತ್ತಿದ್ದ. ಎಷ್ಟೇ ಸೆಕೆಯಿದ್ದರೂ ಹೊಳೆಯಲ್ಲಿ ಮುಳುಗುತ್ತಿರಲಿಲ್ಲ, ಮುಳುಗಿದರೆ ನೀರು ಪುಪ್ಪುಸಕ್ಕೇ ಹೋಗುತ್ತದೆ. ಮೆಟ್ಟಿಲ ಮೇಲೆ ಕೂತು ಕಾಲಷ್ಟೇ ಇಳಿಬಿಡುತ್ತಿದ್ದ. ಹೆಂಡತಿ ವಾರಕ್ಕೊಮ್ಮೆ ಬಂದು ಹೊರಟುಹೋಗುತ್ತಾಳೆ. ಮಾತಿಲ್ಲ. ಇಷ್ಟನ್ನು ದೂರದಿಂದ ನೋಡಿದವರಿಗೆ ಬೇರೆಯದೇ ಅರ್ಥ ಕಂಡರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಅಮಾವಾಸ್ಯೆಯ ದಿನ ಹೊಳೆಯಲ್ಲಿ ಮಿಂದು ದೇವರಗುಡ್ಡದ ಮೈಲಾರನ ದರ್ಶನಕ್ಕೆ ಹೋಗುವವರು ಕೆಲವರು ಆ ದಂಡೆಗೆ ಬರುತ್ತಾರೆ. ಒಂದು ಅಮಾವಾಸ್ಯೆಗೆ ಹಿರೇಕೆರೂರು ಕಡೆಯ ಮುದುಕಿಯೊಬ್ಬಳು ಮಿಂದು, ಸೀರೆ ಒಣಗಿಸುತ್ತ ಭರಮಣ್ಣನ ಬಳಿ ಕೂತಳು. ಮಗ ತನ್ನ ಸಂಗಡ ಮಾತು ಬಿಟ್ಟಿದ್ದಾನೆ, ಒಂದೇ ಮನೆಯಲ್ಲಿದ್ದೂ ವರ್ಷವಾಯಿತು ಎಂದು ಹೇಳಿಕೊಂಡು ಅತ್ತಳು. ಅವನು ಪೂರ್ತಿ ಕೇಳಿದ. ಬೇರೆ ಏನು ಮಾಡಲು ಸಾಧ್ಯವಿತ್ತು? ನಡುವೆ ಬಾಯಿ ಹಾಕಿ, ನಿನ್ನದೂ ತಪ್ಪಿರಬೇಕು ಬಿಡು ಎನ್ನುವ ಹಾಗಿರಲಿಲ್ಲ. ತಲೆದೂಗಿದ. ಕೊನೆಗೆ ಅವಳ ಕೈಯನ್ನು ಒಮ್ಮೆ ಅದುಮಿ ಬಿಟ್ಟ. ಮುಂದಿನ ಅಮಾವಾಸ್ಯೆಗೆ ಅವಳು ತೆಂಗಿನಕಾಯಿ ಹಿಡಿದು, ಸಂಗಡ ಇನ್ನಷ್ಟು ಹೆಂಗಸರನ್ನು ಕರೆದುಕೊಂಡು ಬಂದಳು.

"ಮಗ ಮಾತಾಡ್ಸಿದ್ನವ್ವಾ! ಈ ಮೌನಿ ಅಜ್ಜಾರ ಮುಂದ ಹೇಳಿಕೊಂಡು ಹೋದ ವಾರದಾಗ, 'ಯವ್ವಾ, ಉಂಡಿ ಏನ?' ಅಂದ!"

ನಮ್ಮ ಕಡೆ ಅಜ್ಜ ಎಂದರೆ ಅಪ್ಪನ ಅಪ್ಪನೂ ಹೌದು, ಮಠದ ಸ್ವಾಮಿಗಳೂ ಹೌದು. ಬಹುವಚನ ಹಚ್ಚಿ ಅಜ್ಜಾರು ಎಂದ ಕೂಡಲೇ ಕೈಗಳು ತಾವೇ ಕೂಡಿಕೊಳ್ಳುತ್ತವೆ. ಭರಮಣ್ಣ ಗಾಬರಿಯಾಗಿ ಪಾಟಿ ತೆಗೆದು ಬರೆದ: "ನಾ ಅಜ್ಜಾರ ಅಲ್ಲ. ಗಂಟಲಾ ಆಪರೇಶನ್ ಆಗೇತಿ." ಅವರಲ್ಲಿ ಓದು ಬಲ್ಲವಳು ಗಟ್ಟಿಯಾಗಿ ಓದಿ ಹೇಳಿದಳು. ಕೇಳಿದವರು ಒಬ್ಬರನ್ನೊಬ್ಬರು ನೋಡಿಕೊಂಡರು. "ನೋಡ್ರಿ, ಎಷ್ಟು ನಿಗರ್ವಿ!" ಎಂದಳು ಒಬ್ಬಳು. "ಸಾವಿನ ಬಾಗಲಕ್ಕ ಹೋಗಿ ಬಂದಮ್ಯಾಲೆ ಜ್ಞಾನ ಆಗಿರಬೇಕು," ಎಂದಳು ಇನ್ನೊಬ್ಬಳು. ಪಾಟಿಗೂ ಕುಂಕುಮ ಬಿತ್ತು.

ಕೆಲವು ತಿಂಗಳು ಅದನ್ನೇ ಬರೆದು ತೋರಿಸಿದ. ಬಳಪ ಸವೆಯಿತು, ಜನ ಹೆಚ್ಚಾದರು. ಆಮೇಲೆ ಪಾಟಿ ಚೀಲದೊಳಗೇ ಉಳಿಯತೊಡಗಿತು.

ಯಾಕೆ ಉಳಿಯಿತು ಎನ್ನುವುದನ್ನು ಭರಮಣ್ಣ ಮುಂದೆ ರೋಹಿಣಿಯ ಎದುರು ಮುಚ್ಚಿಡದೆ ಹೇಳಿದ್ದಾನೆ. ಆಪರೇಶನ್ ಆದಮೇಲೆ ಮನುಷ್ಯರು ಅವನಿಂದ ಸರಿದು ಕೂರುತ್ತಿದ್ದರು. ಒಂದು ಮದುವೆಯ ಊಟದಲ್ಲಿ ಅವನ ಕೊರಳಿನಿಂದ ಸುಂಯ್ ಎಂದು ಉಸಿರು ಬಂದದ್ದಕ್ಕೆ ಪಕ್ಕದವನು ಎಲೆ ಎತ್ತಿಕೊಂಡು ಬೇರೆ ಪಂಕ್ತಿಗೆ ಹೋಗಿದ್ದ. ಇಲ್ಲಿ ಹೊಳೆಯ ದಂಡೆಯಲ್ಲಿ ಅದೇ ಮನುಷ್ಯರು ಹತ್ತಿರ ಬಂದು ಕೂರುತ್ತಾರೆ. ಕೇಳುವುದರಲ್ಲಿಯೂ ಅವನಿಗೆ ಒಂದು ರುಚಿ ಹತ್ತಿತ್ತು. ಪೇಟೆಯಲ್ಲಿದ್ದಷ್ಟು ಕಾಲ ಅವನು ಕೂಗಿದ್ದೇ ಹೆಚ್ಚು, ಯಾರ ಮಾತನ್ನೂ ಕೊನೆತನಕ ಕೇಳಿದವನಲ್ಲ. ಈಗ ಕೇಳುತ್ತಿದ್ದರೆ, ಹೇಳುವವರು ಏನನ್ನು ಬಿಟ್ಟು ಹೇಳುತ್ತಿದ್ದಾರೆ ಎನ್ನುವುದೂ ತಿಳಿಯುತ್ತಿತ್ತು. ನನಗೆ ನಿಜವಾಗಿಯೂ ಏನೋ ದಕ್ಕಿದೆಯೇನೋ ಎಂದು ಒಮ್ಮೊಮ್ಮೆ ಅವನಿಗೇ ಅನ್ನಿಸುತ್ತಿತ್ತು.

ಆ ಮದುವೆಯ ಊಟದಲ್ಲಿ ಎಲೆ ಎತ್ತಿಕೊಂಡು ಹೋದವನನ್ನು ಚನ್ನೇಶನೂ ನೋಡಿದ್ದ. ಮಾವನ ಸುತ್ತ ಈಗ ಜನ ಸೇರುವುದನ್ನು ಕಂಡು ಅವನ ಎದೆ ಉಬ್ಬಿತು. ಇದಕ್ಕೆ ಒಂದು ಫಲಕ ಬೇಕು ಎಂದು ಹಟಕ್ಕೆ ಬಿದ್ದ. ಏನೆಂದು ಬರೆಸಬೇಕು ಎಂದು ಒಂದು ಸಂಜೆ ಕಟ್ಟೆಯ ಮೇಲೆ ಕೂತು ಹೆಂಡತಿಯ ಸಂಗಡ ಚರ್ಚೆಗೆ ತೊಡಗಿದ. ಒಳಗೆ ಪಡಸಾಲೆಯಲ್ಲಿ ಭರಮಣ್ಣ ಮಲಗಿದ್ದ, ನಿದ್ದೆ ಬಂದಿರಲಿಲ್ಲ.

"ಬರೇ ಅಜ್ಜಾರು ಅಂದ್ರ ಯಾವ ಊರಿನ ಅಜ್ಜಾರು ಅಂತಾರ. ಸ್ವಾಮಿ ಅನ್ನಾಕ ಮಠ ಬೇಕು. ಮಹರ್ಷಿ ಅಂತ ಬರಸ್ತೇನಿ. ಮೌನ ಮಹರ್ಷಿ. ಕೇಳಾಕ ಎಷ್ಟು ಚಂದ ಐತಿ!" ಎಂದ ಚನ್ನೇಶ.

"ಚಂದ ಏನೋ ಐತ್ರಿ," ಎಂದಳು ರೋಹಿಣಿ. "ಆದ್ರ ಋಷಿ ಅಂದ್ರ ಏನು ಗೊತ್ತೈತೇನು? ಕಂಡಾಂವ ಅಂತ ಹಿರ್ಯಾರು ಅರ್ಥ ಹೇಳ್ಯಾರ. ಮಂದಿಗೆ ಕಾಣದ್ದನ್ನ ಕಂಡು, ಕಂಡದ್ದನ್ನ ಹೇಳಿದಾಂವ. ಅಂಥಾವರೊಳಗ ದೊಡ್ಡಾಂವ ಮಹರ್ಷಿ. ಅದನ್ನ ಯಾರೂ ತಾವ ಬರಸಿ ಕಟ್ಟಿಕೊಂಡಿದ್ದಲ್ಲ. ತಲಿತಲಾಂತರದ ಮಂದಿ ಅನ್ನುತ್ತ ಬಂದದ್ದು."

"ಮುನಿ ಅಂತ ಬರಸ್ಲೇನು ಹಂಗಾರ? ಮೌನ ಐತಲ್ಲ."

"ಮುನಿ ಅಂದ್ರನೂ ಬಾಯಿ ಮುಚ್ಚಿಕೊಂಡು ಕುಂತಾಂವ ಅಷ್ಟ ಅಲ್ರಿ, ಒಳಗ ಮನನ ಮಾಡಾಂವ. ಮಾತಾಡಾಕ ಬರತಿದ್ದೂ ಆಡದ ಇದ್ರ ಅದು ಮೌನ. ಮಾವಾರು ಮಾತು ಬಿಟ್ಟಿಲ್ಲ, ಮಾತು ಅವರನ್ನ ಬಿಟ್ಟು ಹೋಗೇತಿ."

ಚನ್ನೇಶನಿಗೆ ಸಿಟ್ಟು ಬಂತು. "ಕಂಡಾಂವ ಅಂದಿ. ನಮ್ಮ ಮಾವ ಸಾವನ್ನ ಕಂಡು ಬಂದಾನ. ಅದು ಸಾಲೂದಿಲ್ಲೇನು?"

ಒಳಗಿದ್ದ ಭರಮಣ್ಣ ಎದ್ದು ಹೊರಗೆ ಬಂದು ಬೇಡವೆನ್ನಬಹುದಿತ್ತು. ಗೋಡೆಯ ಕಡೆ ಹೊರಳಿ ಮಲಗಿದ.

ರಾಣೆಬೆನ್ನೂರಿನಿಂದ ಫ್ಲೆಕ್ಸ್ ಬಂತು. ಉದಯಿಸುವ ಸೂರ್ಯ, ಹೊಳೆ, ನಡುವೆ ಭರಮಣ್ಣನ ಗಡ್ಡದ ಮುಖ, ತಲೆಯ ಸುತ್ತ ಪ್ರಭೆ. "ಮೌನ ಮಹರ್ಷಿ ಶ್ರೀ ಭರಮಜ್ಜನವರು." ಬೇವಿನ ಮರಕ್ಕೆ ಕಟ್ಟಿದರು. ಆ ರವಿವಾರ ಬಂದ ಸುರೇಖಾ ಅದನ್ನು ನೋಡಿ ಗಂಡನ ಕಡೆ ತಿರುಗಿದಳು.

"ಏನ್ರಿ, ನೀವು ಮಹರ್ಷಿ ಆದ್ರ ನಾ ಏನು? ನನ್ನ ಹೆಸರಿನ ಹಿಂದ ಏನು ಹಚ್ಚೂದು?" ಎಂದು ಕೇಳಿದಳು. ಅವನು ನಕ್ಕ. ಅವಳು ನಗಲಿಲ್ಲ.

ಫಲಕ ಬಂದಮೇಲೆ ಜನ ಊದಿನಕಡ್ಡಿ, ಧೂಪ ತರತೊಡಗಿದರು. ಹೊಗೆ ಕೊರಳಿನ ತೂತಿಗೆ ಹೋಗಿ ಭರಮಣ್ಣನಿಗೆ ಜೀವ ಹೋಗುವಷ್ಟು ಕೆಮ್ಮು ಬರುತ್ತಿತ್ತು. ಸಾಲು ಬೇಗ ಸಾಗಲಿ ಎಂದು ಅವನು ಬಂದವರ ಮಾತು ಮುಗಿಯುವ ಮುಂಚೆಯೇ ಬಲಗೈ ಎತ್ತಿ ಹರಸುವುದನ್ನು ರೂಢಿ ಮಾಡಿಕೊಂಡ. ಕೇಳುವುದರಿಂದ ಸುರುವಾದದ್ದು ಹೀಗೆ ಕೇಳದೆ ಇರುವುದಕ್ಕೆ ಬಂದು ನಿಂತಿತ್ತು.

ಕಳೆದ ವರ್ಷದ ಒಂದು ಅಮಾವಾಸ್ಯೆಗೆ ಕಾಗಿನೆಲೆಯ ಕಡೆಯಿಂದ ಗಂಡಹೆಂಡತಿ ಬಂದರು. ಗಂಡ ಮೈಲೇಶ ಸಾಮಾನು ಸಾಗಿಸುವ ಗಾಡಿಯ ಡ್ರೈವರ್. ಹೆಂಡತಿ ದೀಪಿಕಾ ಸಾಲಿನ ಹಿಂದೆ ನಿಂತಿದ್ದಳು, ಅವಳಿಗೆ ಇಲ್ಲಿ ಬರುವ ಮನಸ್ಸಿರಲಿಲ್ಲ. ಮೈಲೇಶ ಮುಂದೆ ಬಂದು ಕೂತು, ಸವೆದ ಗರಗಸದಂಥ ದನಿಯಲ್ಲಿ ಕೇಳಿದ:

"ಅಜ್ಜಾರ, ದನಿ ಹಿಂಗಾಗಿ ಭಾಳ ದಿನ ಆತ್ರಿ. ಹಾವೇರಿ ಡಾಕ್ಟರು ಹುಬ್ಬಳ್ಳಿಗೆ ಹೋಗು, ಗಂಟಲದಾಗಿನ ತುಣುಕು ತಗದು ತಪಾಸ ಮಾಡತಾರ ಅಂದಾರ. ನನಗ ಅಂಜಿಕಿ ಆಗತೈತ್ರಿ. ನಿಮ್ಮಂಗ ಮೌನ ಹಿಡದ್ರ ಗಂಟಲಾ ತಾನ ಆರಾಮ ಆಕೈತಿ ಅಂತ ನನ್ನ ಮನಸು ಹೇಳತೈತಿ. ಹಿಡೀಲೇನ್ರಿ?"

ಅಷ್ಟರಲ್ಲಿ ಭರಮಣ್ಣನ ಕೈ ಮೇಲೆದ್ದಿತ್ತು. ಮೈಲೇಶನ ಮುಖ ಅರಳಿತು. ಅವನು ಪಾದಕ್ಕೆ ಹಣೆ ಹಚ್ಚಿ ಎದ್ದು ಹೋದ ಮೇಲೆ ಆ ದನಿ ಭರಮಣ್ಣನ ಕಿವಿಯಲ್ಲಿ ನಿಂತಿತು. ಆ ದನಿಯ ಗುರುತು ಅವನಿಗಿತ್ತು. ತನ್ನ ಗಂಟಲಿನಿಂದ ಅದು ಹೊರಟಿತ್ತು. ಘಾಟು, ಘಾಟು ಎಂದು ತಿಂಗಳುಗಟ್ಟಲೆ ಕಳೆದದ್ದು ಇದೇ ದನಿಯಲ್ಲಿ. ಅವನು ಧಡಕ್ಕನೆ ಎದ್ದ. ಚೀಲದಲ್ಲಿ ಪಾಟಿಗಾಗಿ ತಡಕಾಡಿದ. ಹೊಗೆ ಒಳಕ್ಕೆ ಹೋಗಿ ಕೆಮ್ಮು ಒತ್ತರಿಸಿತು. ಚನ್ನೇಶ ಓಡಿಬಂದು ಬೆನ್ನು ಸವರಿದ. ಕೆಮ್ಮು ನಿಂತು ಅವನು ಕೈ ತೋರಿಸುವ ಹೊತ್ತಿಗೆ ಗಂಡಹೆಂಡತಿ ಬಸ್ಸು ಹತ್ತಿದ್ದರು.

"ಆಂವ ಯಾರು? ದನಿ ಬಿದ್ದಾಂವ?" ಎಂದು ಬರೆದು ತೋರಿಸಿದ.

"ಮೈಲೇಶ ಅಂತ, ಕಾಗಿನೆಲಿ ಕಡಿಯಾಂವ. ಮುಂದಿನ ಅಮಾಸಿಗೆ ಮತ್ತ ಬರ್ತಾನ ಬಿಡು ಮಾವ," ಎಂದ ಚನ್ನೇಶ.

ಮುಂದಿನ ಅಮಾವಾಸ್ಯೆಗೆ ಮೈಲೇಶ ಬರಲಿಲ್ಲ. ಆ ನಡುವಿನ ದಿನಗಳಲ್ಲಿ ಭರಮಣ್ಣ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಶಾಲೆಗೆ ಸೂಟಿ ಇದ್ದ ಒಂದು ಮುಂಜಾನೆ ರೋಹಿಣಿಯ ಮುಂದೆ ಪಾಟಿ ಹಿಡಿದ: "ನೀ ಅವತ್ತ ಅಂದದ್ದು ಕೇಳಿಸಿಕೊಂಡಿದ್ದೆ. ಕಂಡದ್ದನ್ನ ಹೇಳಿದಾಂವ ಅಂದಿ. ನನಗ ಕಂಡಿತ್ತು, ಹೇಳಲಿಲ್ಲ. ಕಾಗಿನೆಲಿಗೆ ಕರಕೊಂಡು ನಡಿ."

ರಾಣೆಬೆನ್ನೂರಿಗೆ ಬಂದು, ಅಲ್ಲಿಂದ ಬ್ಯಾಡಗಿಗೆ ಬಂದರು. ಬ್ಯಾಡಗಿಯಲ್ಲಿ ಸುರೇಖಾ ಕಾಯುತ್ತಿದ್ದಳು. ಬಸ್ ನಿಲ್ದಾಣದವರೆಗೂ ಘಾಟು ಬರುತ್ತಿತ್ತು. ಅವಳು ತಾನು ತಂದಿದ್ದ ನೀರಿನಲ್ಲಿ ಅರಿವೆ ಅದ್ದಿ ಹಿಂಡಿ ಗಂಡನ ಕೊರಳಿಗೆ ಸುತ್ತಿ, ತಾನೂ ಬಸ್ಸು ಹತ್ತಿದಳು. ಕಾಗಿನೆಲೆಯಲ್ಲಿ ಗಾಡಿಗಳು ನಿಲ್ಲುವಲ್ಲಿ ವಿಚಾರಿಸಿದರೆ ಒಬ್ಬ ಡ್ರೈವರ್ ಮನೆಯ ದಾರಿ ತೋರಿಸಿದ. "ಆಂವ ಈಗ ಗಾಡಿ ಹೊಡಿಯಾಕತ್ತಿಲ್ರಿ. ಮೌನ ಹಿಡದಾನ. ಯಾರೋ ಮಹರ್ಷಿ ಹೇಳ್ಯಾರಂತ," ಎಂದೂ ಸೇರಿಸಿದ.

ಮೈಲೇಶ ಪಡಸಾಲೆಯಲ್ಲಿ ಕೂತಿದ್ದ. ಕೊರಳಿಗೆ ಬಿಳಿ ಅರಿವೆ ಸುತ್ತಿಕೊಂಡಿದ್ದ. ಗಡ್ಡ ಬಿಟ್ಟಿದ್ದ. ತೊಡೆಯ ಮೇಲೆ ಹೊಸ ಪಾಟಿ ಇತ್ತು. ಅವನನ್ನು ನೋಡಿದ ಭರಮಣ್ಣನ ಕಾಲುಗಳು ಹೊಸ್ತಿಲಲ್ಲೇ ನಿಂತವು. ಮೈಲೇಶ ಸಡಗರದಿಂದ ಎದ್ದು ಬಂದು ನೆಲಕ್ಕೆ ಹಣೆ ಹಚ್ಚಿದ. ದೀಪಿಕಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಭರಮಣ್ಣ ಅವನನ್ನು ಎಬ್ಬಿಸಿ ಕೂರಿಸಿದ. ತಾನೂ ಎದುರು ಕೂತು ಕೊರಳಿನ ಅರಿವೆಯನ್ನು ಬಿಚ್ಚಿದ. ಹೊರಗಿನವರಿಗೆ ಯಾರಿಗೂ ಅವನು ಅದುವರೆಗೆ ತೋರಿಸಿರಲಿಲ್ಲ. ಕೊರಳ ಬುಡದ ತೂತು, ಅದರ ಸುತ್ತಲ ಕೆಂಪು ಚರ್ಮ, ಉಸಿರಿಗೊಮ್ಮೆ ಬರುವ ಸುಂಯ್ ಶಬ್ದ. ಮೈಲೇಶ ಹಿಂದಕ್ಕೆ ಸರಿದ. ಭರಮಣ್ಣ ಬರೆದು ಪಾಟಿಯನ್ನು ಅವನ ಕಡೆ ತಿರುಗಿಸಿದ.

"ನಾ ಮಹರ್ಷಿ ಅಲ್ಲ. ಬೀಡಿ ಸೇದಿ ಗಂಟಲಾ ಕಳಕೊಂಡಾಂವ. ನನ್ನ ದನಿಯೂ ಮೊದಲ ನಿನ್ನಂಗ ಆಗಿತ್ತು."

ದೀಪಿಕಾ ಮುಂದೆ ಬಂದು ಓದಿದಳು. ಅವಳ ಮುಖ ಕೆಂಪಾಯಿತು.

"ಮತ್ತ ಅವತ್ತ ಕೈ ಯಾಕ ಎತ್ತಿದ್ರಿ? ನಾ ದಿನಾ ಬಡಕೊಂಡೆ, ಹುಬ್ಬಳ್ಳಿಗೆ ಹೋಗೂಣು ಬರ್ರಿ ಅಂತ. ಮಹರ್ಷಿಗಳು ಹೂಂ ಅಂದಾರ, ನೀ ಸುಮ್ನ ಇರು ಅಂತ ಪಾಟಿ ಮ್ಯಾಲೆ ಬರದು ತೋರಸ್ತಾರ ಇವರು. ಇವರಿಗೆ ಏನರ ಆದ್ರ ಆ ಬೋರ್ಡ್ ಬಂದು ನನ್ನ ಮನಿ ನಡಸತೈತೇನ್ರಿ?"

ರೋಹಿಣಿ ಏನೋ ಹೇಳಲು ಹೋದಳು. ಭರಮಣ್ಣ ಕೈಸನ್ನೆಯಿಂದ ತಡೆದ. "ತಪ್ಪಾತು" ಎಂದು ಬರೆದು, ಪಾಟಿಯನ್ನು ದೀಪಿಕಾಳ ಕಡೆಗೆ ಹಿಡಿದು, ತಲೆ ತಗ್ಗಿಸಿ ಕೂತ.

ಮೈಲೇಶ ತಾನು ಹಿಡಿದಿದ್ದ ಮೌನ ಬಿಟ್ಟು ಬಾಯಿ ತೆರೆದ. ದನಿ ಮೊದಲಿಗಿಂತ ಕೆಟ್ಟಿತ್ತು. "ನನಗೂ ಹಿಂಗ ತೂತು ಹಾಕತಾರೇನ್ರಿ?"

"ಲಗೂ ಹೋದ್ರ ಉಳೀಬಹುದು. ನಾ ತಡಾ ಮಾಡಿದೆ. ನಾನೂ ಬರ್ತೇನಿ, ಏಳು," ಎಂದು ಭರಮಣ್ಣ ಬರೆದ.

ಮರುದಿನವೇ ಹುಬ್ಬಳ್ಳಿಗೆ ಹೋದರು. ಭರಮಣ್ಣನೂ ಸುರೇಖಾಳೂ ಸಂಗಡ ಹೋದರು. ತುಣುಕು ತೆಗೆಯುವ ಕೋಣೆಯ ಹೊರಗೆ ಮೈಲೇಶ ತನ್ನ ಸರದಿಗೆ ಕಾಯುತ್ತಿದ್ದ. ಭರಮಣ್ಣ ಅವನ ಪಕ್ಕದಲ್ಲಿ ಕೂತು ಮೊಣಕಾಲ ಮೇಲೆ ಕೈ ಇಟ್ಟಿದ್ದ. ವರದಿ ಬಂದಾಗ ಅನುಮಾನ ನಿಜವಾಯಿತು. ಆದರೆ ಗಡ್ಡೆ ಇನ್ನೂ ಸಣ್ಣದು, ಕತ್ತರಿ ಬೇಡ, ಕಿರಣದ ಚಿಕಿತ್ಸೆಯಲ್ಲಿಯೇ ಹೋಗುವ ಸಂಭವವಿದೆ ಎಂದು ಡಾಕ್ಟರು ಹೇಳಿದರು. ದೀಪಿಕಾ ಗೋಡೆಗೆ ಮುಖ ಮಾಡಿ ಅತ್ತಳು.

ಚಿಕಿತ್ಸೆ ವಾರಗಟ್ಟಲೆ ನಡೆಯಿತು. ಅಲ್ಲಿ ಓಡಾಡುವಾಗಲೇ ಒಂದು ದಿನ ಭರಮಣ್ಣ ತನ್ನ ಹಳೆಯ ಡಾಕ್ಟರನ್ನು ಹುಡುಕಿಕೊಂಡು ಹೋಗಿ, ಆ ಯಂತ್ರ ಕೊಡಿ ಎಂದು ಬರೆದು ತೋರಿಸಿದ. ಅದನ್ನು ಕಲಿಸುವ ಹುಡುಗಿ ತಾಳ್ಮೆಯವಳು. ಗದ್ದದ ಕೆಳಗೆ ಎಲ್ಲಿ ಒತ್ತಬೇಕು, ತುಟಿಯನ್ನು ಹೇಗೆ ಆಡಿಸಬೇಕು ಎಂದು ತೋರಿಸಿಕೊಟ್ಟಳು. ಮೊದಲಿಗೆ ಬರೀ ಗುಂಯ್ ಎಂದಿತು. ಮತ್ತೆ ಮತ್ತೆ ಮಾಡಿದ. ಎದುರಿಗೆ ಸುರೇಖಾ ಸೆರಗಿನ ತುದಿ ಹಿಡಿದು ಕೂತಿದ್ದಳು.

"ಸು... ರೇ... ಖಾ."

ಯಂತ್ರದ ದನಿ. ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ. ಅವನು ಕಣ್ಣು ಕೆಳಗೆ ಹಾಕಿದ. ಅವಳು ಅತ್ತು, ಮೂಗು ಒರೆಸಿಕೊಂಡು ಹೇಳಿದಳು: "ದನಿ ಯಾರದರೇ ಇರ್ಲಿ ಬಿಡ್ರಿ. ಹೆಸರು ನಂದ ಐತಲ್ಲ. ಇನ್ನೊಮ್ಮೆ ಅನ್ರಿ."

ಐರಣಿಗೆ ಮರಳಿ, ಮುಂದಿನ ಅಮಾವಾಸ್ಯೆಗೆ ಭರಮಣ್ಣ ಬೇವಿನ ಮರದ ಕೆಳಗೆ ಕೂರಲಿಲ್ಲ, ನಿಂತ. ಗಡ್ಡ ತೆಗೆಸಿದ್ದ. ಕೊರಳಿಗೆ ಹತ್ತಿಯ ತೆಳು ಪಟ್ಟಿ ಮಾತ್ರ. ಜನ ಗುರುತು ಹತ್ತದೆ ಮರದ ಮೇಲಿನ ಫಲಕವನ್ನೂ ಅವನನ್ನೂ ನೋಡುತ್ತಿದ್ದರು. ಅವನು ಯಂತ್ರವನ್ನು ಗದ್ದಕ್ಕೆ ಒತ್ತಿದ.

"ನಾ ಮೌನಿ ಅಲ್ಲ. ಮಹರ್ಷಿ ಅಲ್ಲ. ಬ್ಯಾಡಗಿ ಪ್ಯಾಟ್ಯಾಗ ಕೂಗತಿದ್ದ ಭರಮಣ್ಣ. ಕ್ಯಾನ್ಸರ್ ಆಗಿ ಗಂಟಲಾ ತಗದಾರ. ನಿಮ್ಮ ಕಷ್ಟ ಕೇಳಿದ್ದು ಖರೇ. ವರ ಕೊಟ್ಟಿದ್ದು ಸುಳ್ಳು. ನನ್ನ ಕೈ ನೋಡಿ ಯಾರರ ಗುಳಿಗಿ ಬಿಟ್ಟಿದ್ರ, ದವಾಖಾನಿ ಬಿಟ್ಟಿದ್ರ, ಇವತ್ತ ಹೋಗ್ರಿ."

ಮುಂದೆ ನಿಂತಿದ್ದ ಒಂದು ಮಗು ಹೆದರಿ ಅತ್ತಿತು. ಒಬ್ಬ ಮುದುಕ ಕೈ ಮುಗಿದು, ಯಂತ್ರದೊಳಗಿಂದ ಮೈಲಾರನೇ ನುಡಿದ ಎಂದ. ಭರಮಣ್ಣ ಅವನ ಹತ್ತಿರ ಹೋಗಿ ಯಂತ್ರವನ್ನು ಅವನ ಕೈಗೇ ಕೊಟ್ಟು, ಬ್ಯಾಟರಿ ಹಾಕುವ ಜಾಗ ತೆಗೆದು ತೋರಿಸಿದ. ರಾಣೆಬೆನ್ನೂರಿನಿಂದ ಬಂದಿದ್ದ ಗೃಹಸ್ಥರೊಬ್ಬರು ಸಿಟ್ಟಿಗೆದ್ದರು. "ಇಷ್ಟು ದಿನ ನಮ್ಮನ್ನ ಆಟ ಆಡಿಸಿದ್ರಿ ಹಂಗಾರ!"

"ಹೌದ್ರಿ. ಬೈರಿ," ಎಂದ ಭರಮಣ್ಣ.

ಅವರು ಬೈದರು. ಅವನು ನಿಂತು ಕೇಳಿದ. ತಂದ ತೆಂಗಿನಕಾಯಿಗಳನ್ನು ಹಿಡಿದು ಕೆಲವರು ಹಾಗೆಯೇ ದೇವರಗುಡ್ಡದ ದಾರಿ ಹಿಡಿದರು.

ಎಲ್ಲರಿಗಿಂತ ಹೆಚ್ಚು ನೊಂದವನು ಚನ್ನೇಶ. ತಾನೇ ಮರ ಹತ್ತಿ ಫ್ಲೆಕ್ಸ್ ಬಿಚ್ಚಿದ. ಹಲವು ದಿನ ಮಾವನ ಮುಖ ನೋಡಲಿಲ್ಲ. ಊಟಕ್ಕೆ ಕೂತಾಗ ಒಮ್ಮೆ ತಡೆಯಲಾಗದೆ ಹೇಳಿದ: "ಮಂದಿ ನಿನ್ನ ಪಂಕ್ತಿ ಬಿಟ್ಟು ಎದ್ದು ಹೋಗಿದ್ದು ನಾ ನೋಡೇನಿ ಮಾವ. ಅದನ್ನ ತಿರಗಾ ನೋಡೂದು ಬ್ಯಾಡಾಗಿತ್ತು ನನಗ. ಅದಕ್ಕ ಮಾಡಿದೆ."

"ಗೊತ್ತೈತಿ," ಎಂದ ಭರಮಣ್ಣ. "ನನಗೂ ಬ್ಯಾಡಾಗಿತ್ತು. ಅದಕ್ಕ ನಾನೂ ಸುಮ್ನ ಕುಂತೆ."

ಉಚ್ಚಂಗೆವ್ವ ತಮ್ಮನ ತಾಟಿಗೆ ಇನ್ನಷ್ಟು ಪಲ್ಯ ಹಾಕಿದಳು. ಚನ್ನೇಶ ಆ ಫ್ಲೆಕ್ಸನ್ನು ಅಕ್ಷರ ಕೆಳಗೆ ಮಾಡಿ ಅಂಗಳದಲ್ಲಿ ಹಾಸಿ ಗೋವಿನಜೋಳ ಒಣಗಹಾಕಿದ.

ಜನ ಕಡಿಮೆಯಾದರು, ಪೂರ್ತಿ ನಿಲ್ಲಲಿಲ್ಲ. ಕೆಲವು ಹೆಂಗಸರು ಈಗಲೂ ಬಂದು ಕೂತು ಮನೆಯ ದುಃಖ ಹೇಳಿಕೊಳ್ಳುತ್ತಿದ್ದರು. ಭರಮಣ್ಣ ಉತ್ತರ ಕೊಡಲು ಯಂತ್ರ ಎತ್ತಿದರೆ, "ಅದನ್ನ ಕೆಳಗಿಡೋ ಯಪ್ಪಾ, ಮೊದಲಿನಂಗ ಕೇಳು," ಎಂದು ಗದರಿದವರೂ ಇದ್ದರು. ಅವನು ಕೆಳಗಿಟ್ಟು ಕೇಳುತ್ತಿದ್ದ. ಹಾಗಾದರೆ ಇವನಲ್ಲಿ ಏನೂ ಇರಲಿಲ್ಲವೇ ಎಂದು ನಾನು ಒಮ್ಮೆ ರೋಹಿಣಿಯನ್ನು ಕೇಳಿದೆ. "ಇತ್ರಿ. ಆ ಶಬ್ದಕ್ಕ ಅವರನ್ನ ಕಟ್ಟಿ ಹಾಕೋ ಮುಂಚೆ ಇತ್ತು. ಕಟ್ಟಿದಮ್ಯಾಲೆ ಅವರು ಆ ಶಬ್ದದಂಗ ಕಾಣಬೇಕಾತು, ಕೇಳೂದು ನಿಂತುಹೋತು. ಈಗ ಮತ್ತ ಸುರು ಆಗೇತಿ," ಎಂದಳು.

ಮೈಲೇಶನ ಗಂಟಲು ವಾಸಿಯಾಯಿತು. ದನಿ ಸ್ವಲ್ಪ ಒರಟಾಗಿ ಉಳಿದಿದೆ. ತಂಬಾಕು ಮುಟ್ಟುವುದಿಲ್ಲ, ತಪಾಸಣೆ ತಪ್ಪಿಸುವುದಿಲ್ಲ. ಆಸ್ಪತ್ರೆಯವರು ಕರೆದಾಗ ಭರಮಣ್ಣ ಹುಬ್ಬಳ್ಳಿಗೆ ಹೋಗಿ, ಆಪರೇಶನ್‌ಗೆ ಕಾದಿರುವವರ ಪಕ್ಕದಲ್ಲಿ ಕೂತು ಬರುತ್ತಾನೆ. ಅವರು ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ, ನೋವಾಗುತ್ತದೆ ಎಂದೂ ಹೇಳುತ್ತಾನೆ.

ಈ ಬೇಸಿಗೆಯಲ್ಲಿ ಸುರೇಖಾ ಬ್ಯಾಡಗಿಯ ಕೆಲಸ ಬಿಟ್ಟಳು. ರಾಣೆಬೆನ್ನೂರಿನಲ್ಲಿ ರೋಹಿಣಿಯ ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಮನೆ ಹಿಡಿದಿದ್ದಾರೆ. ಅವಳು ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ಹೊಗೆ ಆಗದೆಂದು ಒಲೆ ಇಟ್ಟಿಲ್ಲ, ಗ್ಯಾಸಿನ ಮೇಲೆಯೇ ಬೇಯಿಸುತ್ತಾಳೆ. ಮನೆ ಬದಲಿಸಿದ ದಿನ ಬ್ಯಾಡಗಿಯಿಂದ ಸಾಮಾನು ತಂದದ್ದು ಮೈಲೇಶನ ಗಾಡಿಯಲ್ಲಿ. ದೀಪಿಕಾಳೂ ಬಂದಿದ್ದಳು. ಕಾಗಿನೆಲೆಯ ಆ ದಿನದಿಂದ ಅವಳು ಭರಮಣ್ಣನ ಸಂಗಡ ಮಾತಾಡಿರಲಿಲ್ಲ. ಆಸ್ಪತ್ರೆಯಲ್ಲಿ ವಾರಗಟ್ಟಲೆ ಎದುರುಬದುರು ಕೂತಾಗಲೂ ಆಡಿರಲಿಲ್ಲ. ಅವತ್ತು ಕೂಡ ಅವನ ಕಡೆ ನೋಡದೆ ಸುರೇಖಾಳ ಜೊತೆ ಅಡುಗೆಮನೆಯ ಡಬ್ಬಿಗಳನ್ನು ಒರೆಸಿ ಹಲಗೆಯ ಮೇಲೆ ಜೋಡಿಸಿದಳು, ಚಹಾ ಮಾಡಿದಳು. ಗಂಡನಿಗೆ ಕೊಟ್ಟಳು, ಸುರೇಖಾಳಿಗೆ ಕೊಟ್ಟಳು. ಭರಮಣ್ಣ ಮೂಲೆಯಲ್ಲಿ ಮಂಚದ ಕಾಲಿಗೆ ಮೊಳೆ ಹೊಡೆಯುತ್ತಿದ್ದ. ಅವನ ಲೋಟವನ್ನು ತಂದು ಪಕ್ಕದಲ್ಲಿಟ್ಟಳು.

"ಆರತೈತಿ, ಕುಡೀರಿ," ಎಂದಳು.

ಅವನು ಸುತ್ತಿಗೆ ಕೆಳಗಿಟ್ಟು ಲೋಟ ಎತ್ತಿಕೊಂಡ.